ಹೊಂಗೆ ಮರದ ಗಿಳಿಗಳು

ಚಲ್ಲಘಟ್ಟದ ಹುಲ್ಲಿನ ಮೇಲೆ ಇನ್ನೂ ಮಂಜು.
ದೊಮ್ಮಲೂರಿನ ಕಡೆಯಿಂದ ಮೊದಲ ಬಸ್ಸಿನ ಹಾರನ್ನು.
ಮೂರನೇ ಟೀಯಲ್ಲಿ ಬೆಳ್ಯಪ್ಪ ಸಾಹೇಬರು ಬೀಸಿದರು.
ಚೆಂಡು ನೆಟ್ಟಗೆ ಹೊರಟು
ಅರ್ಧ ದಾರಿಯಲ್ಲಿ ಏನೋ ಮರೆತು ಬಂದವರ ಹಾಗೆ
ಬಲಕ್ಕೆ ತಿರುಗಿತು, ಹೊಂಗೆ ಮರದೊಳಕ್ಕೆ.
ಗಿಳಿಗಳು ಎದ್ದವು.

"ಈ ಡ್ರೈವರ್ರೇ ಸರಿ ಇಲ್ಲ ಕಣೋ ಪಿಳ್ಳಪ್ಪ."

ಸರಿ ಇಲ್ಲದ್ದು ಯಾವುದೆಂದು
ಇಪ್ಪತ್ತು ವರ್ಷ ಚೀಲ ಹೊತ್ತ ನನಗೆ ಗೊತ್ತು:
ಮೊಣಕೈ ಪಕ್ಕೆ ಬಿಟ್ಟು ಕೋಳಿ ರೆಕ್ಕೆಯಾಗುತ್ತದೆ,
ಹೆಗಲು ಮುಂದೋಡುತ್ತದೆ, ಮಣಿಕಟ್ಟು ಹಿಂದುಳಿಯುತ್ತದೆ,
ಡ್ರೈವರಿನ ಮುಖ ಚಿಲಕ ಹಾಕದ ಬಾಗಿಲಂತೆ
ಅರೆ ತೆರೆದೇ ಬಂದು ತಾಗುತ್ತದೆ.
ನೆಲ ಡೊಂಕೆಂದವಳ ಗಾದೆ
ನಾಲಿಗೆ ತುದಿವರೆಗೂ ಬಂತು.
ನುಂಗಿದೆ. ಇನ್ನೂ ಹದಿನಾರು ಗುಳಿ ಬಾಕಿ,
ಕೂಲಿ ಕೊನೆಯದರ ಆಚೆಗೆ.

"ನೀನೇ ಹೊಡಿ, ನೋಡೋಣ."

ಎಷ್ಟು ಹಗುರ ಅದು, ಕೈಗೆ ಬಂದಾಗ!
ನೆಟ್ಟಗೆ ಹೋಗುವುದು ಅದಕ್ಕೂ ಗೊತ್ತು, ನನಗೂ.
ಮುಷ್ಟಿಯನ್ನು ರಾಗಿ ಕಾಳಿನಷ್ಟು ತಿರುಗಿಸಿ
ಅದೇ ಹೊಂಗೆಗೆ ಹೊಡೆದೆ.
ಎಪ್ಪತ್ತರ ಮನುಷ್ಯ,
ಪಾಸಾದ ಹುಡುಗನಂತೆ ಕುಣಿದರು:
"ಹೇಳಿರಲಿಲ್ವಾ!"

ಮುಂದಿನ ಭಾನುವಾರ ಹೊಸ ಡ್ರೈವರ್ ಬಂತು.
ಗಿಳಿಗಳು ಎದ್ದವು.
ಹಳೆಯದು ಈಗ ನಮ್ಮ ಮನೆ ಕದದ ಹಿಂದಿದೆ,
ನನ್ನವಳು ಅದರಲ್ಲಿ ನುಗ್ಗೆಕಾಯಿ ಕೆಡವುತ್ತಾಳೆ,
ಒಂದೂ ತಪ್ಪಿಲ್ಲ ಇದುವರೆಗೆ.

ಇವತ್ತು ಸಾಹೇಬರು
ಹೊಸದನ್ನೂ ನನ್ನತ್ತ ಚಾಚಿ ನಿಂತಿದ್ದಾರೆ,
ಮಾತಿಲ್ಲ, ಕಣ್ಣಲ್ಲಿ ಏನೋ ಅನುಮಾನ,
ಅದು ಡ್ರೈವರಿನ ಮೇಲೋ, ತಮ್ಮ ಮೇಲೋ, ನನ್ನ ಮೇಲೋ.
ಗಾಳಿ ಇಲ್ಲ.
ಗಿಳಿಗಳು ಕಾಯುತ್ತಿವೆ.