ಗೂಡ್ಸು ಬಂದರೆ

ಸಾವಿರ ಬೀಡಿ ಮುಗಿಯುವಷ್ಟರಲ್ಲಿ
ಸೊಂಟ ನನ್ನದಲ್ಲ, ಮಡಿಲ ಗೆರಸೆಯದ್ದು.

ಕುಂಬಳೆಯ ಡಾಕ್ಟ್ರು ಮಾತ್ರೆ ಬರೆಯಲಿಲ್ಲ:
"ಯಮುನಕ್ಕ, ಗೋಡೆಗೆ ಒರಗಿ ಕೂರಿ,
ಗಂಟೆಗೊಮ್ಮೆ ಏಳಿ."
ಗೋಡೆ ಇದೆ. ಗಂಟೆ ನೋಡುವವರು ಯಾರು?
ಅಂಗಳದಾಚೆ ಹಳಿ ಇದೆಯಲ್ಲ.

ಕಣ್ಣೂರು ಪ್ಯಾಸೆಂಜರಿಗೆ ಏಳುತ್ತೇನೆ,
ಕೈ ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಬಾಗುತ್ತೇನೆ,
ಮಡಿಲಿಂದ ಎಲೆಚೂರು ಉದುರುತ್ತದೆ.
ವಂದೇ ಭಾರತ್
ಒಂದು ಆಕಳಿಕೆಗೂ ಸಾಲದು.

ಗೂಡ್ಸು ಬಂದರೆ ಮಾತ್ರ
ನಿಧಾನ, ನಿಧಾನ,
ಡಬ್ಬಿ ಎಣಿಸುತ್ತ ನೆಟ್ಟಗಾಗುತ್ತೇನೆ.
ಐವತ್ತೆಂಟು.

ನಿನ್ನೆ ಸಿಗ್ನಲ್ ಬೀಳದೆ
ಅದು ನಮ್ಮ ಬಾವಿಯೆದುರೇ ನಿಂತುಬಿಟ್ಟಿತು.
ಅದು ಹೊರಡುವವರೆಗೆ ನಾನೂ ಕೂರಲಿಲ್ಲ.

ಸಂಜೆ ಎರಡು ಕಟ್ಟು ಕಡಿಮೆ.
ಬ್ರಾಂಚಿನ ಚೆಕ್ಕರ್ ಹುಬ್ಬೇರಿಸಿದ.
"ರೈಲು ಲೇಟು" ಎಂದೆ.