ಇರಬೇಕು

ಸನ್ನದು ಸಿಕ್ಕಿ ಎಂಟನೇ ದಿನ
ವಾಮನ ಬಾಳಿಗರು ಕನ್ನಡಕದ ಮೇಲಿಂದ ಕೇಳಿದರು:
'ಬಿ.ಎಫ್.ಎಸ್ಸಿ. ಅಂದರೆ ಎಂತದಮ್ಮ?'
ಮೀನುಗಾರಿಕೆ ವಿಜ್ಞಾನ, ಸರ್. ನಾಲ್ಕು ವರ್ಷ. ಎಕ್ಕೂರಿನಲ್ಲಿ.
'ಮತ್ತೆ ಇಲ್ಲಿಗೆ ಎಂತಕ್ಕೆ ಬಂದದ್ದು, ಗಾಳ ಹಾಕಲಿಕ್ಕಾ?'
ಗುಮಾಸ್ತ ನಕ್ಕ. ನಾನೂ ನಕ್ಕೆ.
ನಗುವುದು ಜೂನಿಯರಿನ ಮೊದಲ ಪಾಠ.

ಈ ಪ್ರಶ್ನೆಗೆ ನಾನು
ಜನ ನೋಡಿ ಉತ್ತರ ಕೊಡುತ್ತೇನೆ.
ಚಿಕ್ಕಮ್ಮನಿಗೆ: ಸರ್ಕಾರಿ ಕೆಲಸ ಸಿಗಲಿಲ್ಲ.
ನೋಡಲು ಬಂದ ಹುಡುಗನಿಗೆ: ಆಸಕ್ತಿ.
ಕೋರ್ಟಿನ ಕ್ಯಾಂಟೀನಿನಲ್ಲಿ ಗೋಳಿಬಜೆ ಮುರಿಯುತ್ತಾ ಕೇಳಿದವರಿಗೆ:
ಮೀನು ಫೀಸು ಕೊಡುವುದಿಲ್ಲವಲ್ಲ, ಅದಕ್ಕೆ.

ನಿಜವಾದ ಉತ್ತರ ಸ್ವಲ್ಪ ನಾಚಿಕೆಯದು.

ಕೊನೆಯ ವರ್ಷ, ಜನವರಿ. ಬೆಳಗಿನ ಐದಕ್ಕೆ
ಧಕ್ಕೆಯಲ್ಲಿ ನಿಂತು ಎಣಿಸುವುದು ನನ್ನ ಕೆಲಸ:
ಯಾವ ಬೋಟು, ಎಷ್ಟು ಬುಟ್ಟಿ, ಯಾವ ಜಾತಿ.
ಬೂತಾಯಿ ಎಂದರೆ ಸಾರ್ಡಿನೆಲ್ಲಾ ಲಾಂಜಿಸೆಪ್ಸ್,
ಬಂಗುಡೆ ಎಂದರೆ ರಾಸ್ಟ್ರೆಲಿಜರ್ ಕಾನಗುರ್ಟಾ,
ಲ್ಯಾಟಿನ್ ನಾಲಗೆಯ ಮೇಲೆ ಉಪ್ಪಿನ ಹಾಗೆ ಕರಗುತ್ತಿದ್ದ ಕಾಲ.
ಬಲೆಯ ರಾಶಿಯ ಮೇಲೆ ಕೂತಿದ್ದ ಸುಕ್ರು ಹರಿಕಂತ್ರ, ತದಡಿಯವನು.
ವಿಂಚು ಅವನ ಬಲಗೈಯಲ್ಲಿ
ಹೆಬ್ಬೆರಳೂ ಸೇರಿ ಮೂರನ್ನು ತಿಂದಿತ್ತು.
ನಾಲ್ಕು ಮಡಿಕೆಯ ಕಾಗದ ಬಿಚ್ಚಿ
'ಓದ್ದವಳು ನೀನು, ಏನ್ ಬರದೀರು ನೋಡೇ ತಂಗಿ' ಅಂದ.

ಇಂಗ್ಲಿಷು. ಪ್ರತಿ ಅಕ್ಷರವೂ ಓದಲು ಬಂತು.
ಫುಲ್ ಆಂಡ್ ಫೈನಲ್ ಸೆಟ್ಲ್‌ಮೆಂಟ್. ಹದಿನೆಂಟು ಸಾವಿರ.
'ದುಡ್ಡು ಕೊಡುತ್ತಾರಂತೆ' ಅಂದೆ.
'ಒಳ್ಳೇದಾ?'
'ಒಳ್ಳೇದೇ ಇರಬೇಕು.'

ಅವನು ಉಳಿದ ಹೆಬ್ಬೆಟ್ಟು ಒತ್ತಿದ.
ಇಂಕಿನ ಪ್ಯಾಡು ಹಿಡಿದವಳು ನಾನೇ.

ಅದೇ ಮಧ್ಯಾಹ್ನ ಲ್ಯಾಬಿನಲ್ಲಿ ಬಂಗುಡೆಯ ತಲೆ ಸೀಳಿ
ಕಿವಿಗಲ್ಲು ತೆಗೆದೆ. ಅಕ್ಕಿನುಚ್ಚಿನಷ್ಟು.
ಮೈಕ್ರೋಸ್ಕೋಪಿನಡಿ ಉಂಗುರದೊಳಗೆ ಉಂಗುರ.
ಉಂಡದ್ದು, ಉಪವಾಸ ಬಿದ್ದದ್ದು
ಎಲ್ಲ ಬರೆದಿಟ್ಟುಕೊಂಡಿತ್ತು ಮೀನು,
ಯಾರೂ ಕೇಳದಿದ್ದರೂ.

ಆಮೇಲೆ ಮೂರು ವರ್ಷ ಬೈಕಂಪಾಡಿಯ ಫ್ಯಾಕ್ಟರಿಯಲ್ಲಿ
ಸೀಗಡಿಯ ಚಳಿ ಎಷ್ಟು ಡಿಗ್ರಿ ಎಂದು ಬರೆದೂ ಬರೆದೂ
ಕಾನೂನು ಕಾಲೇಜಿನ ಫೀಸು ಕೂಡಿಸಿದೆ.
ಅಲ್ಲೂ ಲ್ಯಾಟಿನ್ನೇ.
ಈ ಸಲ ಅದಕ್ಕೆ ಕಿವಿರಿಲ್ಲ, ಹುರುಪೆಯಿಲ್ಲ,
ಹಿಡಿದರೆ ಜಾರುವುದು ಮಾತ್ರ ಹಾಗೆಯೇ.

ಎರಡನೇ ವರ್ಷ, ಲೈಬ್ರರಿಯ ಫ್ಯಾನಿನಡಿ
ಕಾರ್ಮಿಕ ಪರಿಹಾರದ ಕಾಯ್ದೆ, ಸೆಕ್ಷನ್ ಹದಿನೇಳು:
ಹಕ್ಕು ಬಿಟ್ಟುಕೊಟ್ಟೆ ಎಂಬ ಒಪ್ಪಂದ ಶೂನ್ಯ.
ಶೂನ್ಯ!
ಆ ಹೆಬ್ಬೆಟ್ಟು, ಆ ಇಂಕು, ನಾನು ಹಿಡಿದ ಪ್ಯಾಡು.
ಹಾಳೆ ಹಿಂದೆ ತಿರುಗಿಸಿದೆ. ಸೆಕ್ಷನ್ ಹತ್ತು:
ಅರ್ಜಿ ಎರಡು ವರ್ಷದೊಳಗೆ.
ಅಷ್ಟರಲ್ಲಿ ಐದು ಕಳೆದಿತ್ತು.
ತಡವಾದರೆ ತಕ್ಕ ಕಾರಣ ತೋರಿಸಬಹುದಂತೆ.
ಓದಿದವಳೊಬ್ಬಳು 'ಇರಬೇಕು' ಅಂದಿದ್ದಳು,
ಅದು ತಕ್ಕ ಕಾರಣವೇ?
ಯಾವ ತೀರ್ಪಿನಲ್ಲೂ ಸಿಗಲಿಲ್ಲ.
ತದಡಿಗೆ ಹೋದೆ. ಅವನು ಮಲ್ಪೆಯಲ್ಲಿದ್ದಾನೆ ಅಂದರು,
ಮಲ್ಪೆಯಲ್ಲಿ, ರತ್ನಗಿರಿಗೆ ಹೋದ ಅಂದರು.

ಈಗ ಬಾವುಟಗುಡ್ಡೆಯ ಏರು ಹತ್ತುತ್ತೇನೆ ದಿನಾ,
ಏಪ್ರಿಲಿನಲ್ಲಿ ಕರಿಕೋಟು, ಬೆನ್ನಲ್ಲಿ ಹೊಳೆ.
ಬಾಳಿಗರು ಹಲ್ಲಿನ ಡಾಕ್ಟರಲ್ಲಿದ್ದರೆ
'ಬೇರೆ ಕೋರ್ಟಿನಲ್ಲಿದ್ದಾರೆ, ಸ್ವಾಮಿ' ಎಂದು ವಾಯಿದೆ ಕೇಳುತ್ತೇನೆ.
ಸಂಬಳ, ಕೊಟ್ಟಾಗ ಉಂಟು.

ನಿನ್ನೆ ಆಫೀಸಿಗೆ ಬಂದವಳು
ಐಸ್ ಪ್ಲಾಂಟಿನಲ್ಲಿ ಗಂಡನ ಕಾಲು ಹೋದವಳು, ಬೆಂಗ್ರೆಯ ಗುಲಾಬಿ.
'ನಿನ್ನ ಸಮುದ್ರದ್ದು, ನೀನೇ ನೋಡು' ಎಂದು ಎದ್ದುಹೋದರು ಬಾಳಿಗರು.
ಕಾಗದ ನಾಲ್ಕು ಮಡಿಕೆಯದು.
ಸಾಲು ಸಾಲಾಗಿ ತುಳುವಿನಲ್ಲಿ ಹೇಳಿದೆ,
ಅಲ್ಪವಿರಾಮವನ್ನೂ ಬಿಡದೆ. ಕತ್ತಲಾಯಿತು.
'ಒಳ್ಳೇದಾ ಅಮ್ಮ ಇದು?'

ಬಾಯಿಯ ತುದಿಗೆ ಅದೇ ಪದ ಬಂದು ನಿಂತಿತು.

'ಗೊತ್ತಿಲ್ಲ' ಅಂದೆ.
'ನಾಳೆ ಹತ್ತಕ್ಕೆ ಬನ್ನಿ. ಅಲ್ಲಿಯವರೆಗೆ
ಯಾರು ಪೆನ್ನು ಕೊಟ್ಟರೂ ಹಿಡಿಯಬೇಡಿ.'