ಮುಳಬಾಗಿಲು ಹಾಸ್ಟೆಲಿನ ಗೋಡೆ

ಊಟದ ಹಾಲಿಗೆ ಸುಣ್ಣ ಬಳಿದು ಮೂರೇ ದಿನ.
ವಾರ್ಡನ್ ರತ್ನೋಜಿ ಎಲ್ಲಿಂದಲೋ ತಂದ ಪ್ರೊಜೆಕ್ಟರು
ಮಗುಚಿಟ್ಟ ಡಬರಿಯ ಮೇಲೆ ಕೂತು
ಗೋಡೆಗೆ ಅಮೆರಿಕವನ್ನು ಬಿಟ್ಟಿತು.

ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ, ಅದೂ ಅರ್ಧಂಬರ್ಧ.
ಎದ್ದು ನಿಂತು, ಸಿಕ್ಕಷ್ಟು ಸಾಲು ಕನ್ನಡ ಮಾಡಿ ಕೂಗುತ್ತಿದ್ದೆ.
ಮಾಸ್ಟರ್ ಅನ್ನು ಮಾಸ್ಟರ್ ಎಂದೇ ಹೇಳಿದೆ.
ಆರನೇ ಕ್ಲಾಸಿನವನೊಬ್ಬ ಕೇಳಿದ:
"ಹೋಮ್‌ವರ್ಕ್ ಮಾಡಿಲ್ಲ ಅಂತಾನಾ ಹಂಗೆ ಹೊಡೀತಿರೋದು?"
ಹಾಲಿಗೆ ಹಾಲೇ ನಕ್ಕಿತು. ನಾನೂ.
ಗುಲಾಮ ಎಂದೆ. ಇಸ್ಪೀಟಿನ ಎಲೆ ಎಂದುಕೊಂಡರು.

ಅಡುಗೆಮನೆ ಬಾಗಿಲಿಗೆ ಒರಗಿ
ಸೌಟು ಹಿಡಿದೇ ನಿಂತಿದ್ದ ಪಿಳ್ಳಪ್ಪ
"ಜೀತ ಅನ್ನಪ್ಪ" ಎಂದ,
ಸಾರಿಗೆ ಉಪ್ಪು ಸಾಲದು ಎನ್ನುವ ದನಿಯಲ್ಲಿ.

ಹತ್ತಿಹೊಲ ಗೋಡೆಯಂಚು ದಾಟಿ ಕಿಟಕಿಯವರೆಗೂ ಹಬ್ಬಿತ್ತು.
ಅದರಾಚೆ ಸೂರ್ಯ, ಕುಂಕುಮದ ಹಾಗೆ.
"ಸಂಜೇನ ಎಷ್ಟು ಚೆಂದ ಮಾಡವ್ರೆ!
ಬೆವರು ನೋಡು, ಹೊಂಗೆ ಎಣ್ಣೆ ಸವರ್ದಂಗೆ.
ಅದಕ್ಕೊಂದು ಪಿಟೀಲು ಬೇರೆ.
ನಮ್ಮ ಸಾವ್ಕಾರ ಬಾರುಕೋಲು ಎತ್ತಿದೋನೇ ಅಲ್ಲ.
ಪುಸ್ತಕ ತೆಗೀತಿದ್ದ.
ನಮ್ಮಪ್ಪನ ಹೆಬ್ಬೆಟ್ಟು, ಇನ್ನೂರು ರೂಪಾಯಿ,
ನನ್ನವು ಹನ್ನೊಂದು ವರ್ಷ.
ಪುಸ್ತಕಕ್ಕೆ ಯಾರು ಪಿಟೀಲು ಬಾರಿಸ್ತಾರೆ?"

ಅಷ್ಟರಲ್ಲಿ ಕುದುರೆ ಮೇಲೊಬ್ಬ ಒಳ್ಳೆಯವನು ಬಂದ,
ಬಿಳಿಯವನು. ಕಣ್ಣು ತುಂಬಿಕೊಂಡ.
ಕ್ಯಾಮೆರಾ ಅವನ ಕೆನ್ನೆ ಬಿಟ್ಟು ಕದಲಲಿಲ್ಲ.
"ಅಳೋನ್ದು ಮುಖ," ಎಂದ ಪಿಳ್ಳಪ್ಪ,
"ಏಟು ತಿಂದೋನ್ದು ಬೆನ್ನು ಮಾತ್ರ."

ಆಮೇಲೆ ಸಂತೆ. ಹಲಗೆ.
ತಾಯಿಯಿಂದ ಕಿತ್ತ ಹುಡುಗಿಯ ಬಾಯಿ ಬಿಡಿಸಿ
ಹಲ್ಲು ಎಣಿಸಿ ಬೆಲೆ ಕೂಗಿದರು.
ನಾನು ಕನ್ನಡ ಮಾಡುವುದನ್ನು ನಿಲ್ಲಿಸಿದ್ದೆ.
ಯಾರೂ ಏನೂ ಕೇಳಲಿಲ್ಲ.
ಎಷ್ಟೋ ಹೊತ್ತಿನ ಮೇಲೆ ಬೆನ್ನ ಹಿಂದಿನಿಂದ:
"ತಪ್ಪು ಹೇಳಿದೆ ಕಣಪ್ಪ. ಇದು ಜೀತ ಅಲ್ಲ.
ನಮ್ಮವ್ವನ್ನ ಯಾರೂ ಸಂತೇಲಿ ನಿಲ್ಲಿಸ್ಲಿಲ್ಲ.
ಅವರದಕ್ಕೆ ಅವರದ್ದೇ ಒಂದು ಮಾತಿರಬೇಕು.
ಹುಡುಕು, ಓದ್ತೀಯಲ್ಲ."

ಕೊನೆಗೆ ಬಿಡುಗಡೆಯ ಕಾಗದ ಬಂತು.
ಎಲ್ಲರೂ ಹಾಡುತ್ತ ಬೆಳಕಿನೊಳಕ್ಕೆ ನಡೆದುಹೋದರು.
ಹೆಸರುಗಳು ಗೋಡೆ ಹತ್ತತೊಡಗಿದವು.

"ಮಾರನೇ ದಿನ?"
"ಮುಗೀತು, ಪಿಳ್ಳಪ್ಪಣ್ಣ."
"ನಂಗೂ ಕೊಟ್ರು ಕಾಗ್ದ.
ತಹಸೀಲ್ದಾರ್ರೇ ಕೈಯಾರೆ ಕೊಟ್ರು, ಫೋಟೊ ಹಿಡಿದ್ರು.
ಸಂಜೆ ಅದೇ ಕೊಟ್ಟಿಗೇಗೆ ಹೋಗಿ ಮಲಗಿದೆ.
ಎಮ್ಮೆ ನೀರಿಗೆ ಕೂಗ್ತಿತ್ತು.
ಬೇರೆ ಎಲ್ಲಿ ಮಲಗೋದು ಅಂತ
ಕಾಗ್ದದಲ್ಲಿ ಬರ್ದಿರ್ಲಿಲ್ಲ."

ಮೂವತ್ತು ವರ್ಷವಾಯಿತು. ಆ ಮಾತು
ನನಗಿನ್ನೂ ಸಿಕ್ಕಿಲ್ಲ.
ಅವತ್ತು ದೀಪ ಹಾಕಿದಾಗ ಗೋಡೆ ಬರೀ ಗೋಡೆ,
ತುದಿಯಲ್ಲಿ ಆಗಲೇ ಒಂದು ಹುಳಿಯ ಕಲೆ.
"ಇಳಿಸ್ರೋ ಆ ಮಿಷನ್ನ," ಪಿಳ್ಳಪ್ಪ ಗದರಿದ,
"ಬೆಳಿಗ್ಗೆ ಉಪ್ಪಿಟ್ಟಿಗೆ ಡಬರಿ ಬೇಕು."